ಪಿಕ್ಸೆಲ್ ಫೋನಿಗೆ ಆಂಡ್ರಾಯ್ಡ್ ಬೀಟಾ: ಹಾಕುವ ಮೊದಲು ತೆಗೆಯುವ ದಾರಿ ನೋಡಿಕೊಳ್ಳಿ

ಆಂಡ್ರಾಯ್ಡ್ ಬೀಟಾ, ಅಂದರೆ ಎಲ್ಲರಿಗೂ ಬರುವ ಮೊದಲು ಕೊಡುವ ಪರೀಕ್ಷಾ ಆವೃತ್ತಿ, ಹಾಕಿಕೊಳ್ಳುವುದು ಸುಲಭ. ಗೂಗಲ್‌ನ ಬೀಟಾ ಪುಟಕ್ಕೆ ಹೋಗಿ, ಫೋನಿನ ಚಿತ್ರದ ಕೆಳಗಿರುವ ಬಟನ್ ಒತ್ತಿ, ಅಪ್‌ಡೇಟ್ ಬರುವವರೆಗೆ ಕಾದರೆ ಆಯಿತು. ಕಷ್ಟ ಇರುವುದು ವಾಪಸ್ ಬರುವಾಗ. ನಡುವೆ ಬೀಟಾ ಬಿಟ್ಟು ಹಳೆಯ ಆವೃತ್ತಿಗೆ ಇಳಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್ ಇದೆಯಲ್ಲ ಎಂದು ಧೈರ್ಯವಾಗಿರುವವರಿಗೂ ಒಂದು ತೊಡಕಿದೆ: ಹೊಸ ಆಂಡ್ರಾಯ್ಡ್‌ನಲ್ಲಿ ತೆಗೆದ ಗೂಗಲ್ ಬ್ಯಾಕಪ್ಪನ್ನು ಅದಕ್ಕಿಂತ ಹಳೆಯ ಆಂಡ್ರಾಯ್ಡ್ ಇರುವ ಫೋನಿಗೆ ಮರಳಿ ತುಂಬಿಸಲು ಬರುವುದಿಲ್ಲ. ಹಾಗಾಗಿ ಇಲ್ಲಿ ಹಾಕುವ ಕ್ರಮಕ್ಕಿಂತ ಸಿದ್ಧತೆಗೂ ತೆಗೆಯುವ ಕ್ರಮಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇವೆ.

ಹೇಳುತ್ತಿರುವುದು ಗೂಗಲ್ ಪಿಕ್ಸೆಲ್ ಫೋನುಗಳ ಬಗ್ಗೆ. ಆಂಡ್ರಾಯ್ಡ್ 16ರ ಬೀಟಾ ಪಿಕ್ಸೆಲ್ 6 ಮತ್ತು ನಂತರದ ಮಾದರಿಗಳಿಗೆ ಸಿಕ್ಕಿತು. ಸ್ಯಾಮ್‌ಸಂಗ್‌ನವರ ಒನ್ ಯುಐ ಬೀಟಾ ಬೇರೆ, ಅದಕ್ಕೆ ಸೇರುವುದು ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್ ಮೂಲಕ. ಐಫೋನಿನದೂ ಬೇರೆಯೇ, ಮೊದಲೇ ಬ್ಯಾಕಪ್ ತೆಗೆದಿಡಿ ಎಂಬ ಮಾತು ಮಾತ್ರ ಮೂರಕ್ಕೂ ಹೊಂದುತ್ತದೆ.

ಯಾವ ಹಂತದ್ದನ್ನು ಹಾಕಬೇಕು?

ಗೂಗಲ್ ಮೊದಲ ಬಾರಿಗೆ ಹೀಗೆ ಸಾರ್ವಜನಿಕರಿಗೆ ಪರೀಕ್ಷಾ ಆವೃತ್ತಿ ಕೊಟ್ಟದ್ದು 2014ರ ಜೂನ್‌ನಲ್ಲಿ, ನೆಕ್ಸಸ್ 5 ಮತ್ತು ನೆಕ್ಸಸ್ 7ಕ್ಕೆ. ಆಗ ಕಂಪ್ಯೂಟರಿಗೆ ಕೇಬಲ್ ಹಾಕಿ ಕೈಯಾರೆ ಫ್ಲಾಶ್ ಮಾಡುವುದೊಂದೇ (ಫೋನಿನ ವ್ಯವಸ್ಥೆಯನ್ನೇ ಹೊಸದಾಗಿ ಬರೆಯುವುದೊಂದೇ) ದಾರಿ. ಕೇಬಲ್ ಇಲ್ಲದೆ, ಮಾಮೂಲಿ ಅಪ್‌ಡೇಟ್‌ನಂತೆ ಬರುವ ಬೀಟಾ ಕಾರ್ಯಕ್ರಮ ಶುರುವಾದದ್ದು 2016ರ ಮಾರ್ಚ್‌ನಲ್ಲಿ. ಈಗ ಎರಡು ದಾರಿಯೂ ಇವೆ, ಯಾವುದು ನಿಮಗೆ ಬೇಕು ಎಂಬುದು ಹಂತದ ಮೇಲೆ ಹೋಗುತ್ತದೆ.

ತೀರಾ ಹಸಿಯಾದದ್ದು ಕ್ಯಾನರಿ. ಮೊದಲಿದ್ದ ಡೆವಲಪರ್ ಪ್ರಿವ್ಯೂಗೆ ಬದಲಾಗಿ 2025ರ ಜುಲೈನಲ್ಲಿ ಬಂದ ಚಾನೆಲ್ ಇದು. ವರ್ಷವಿಡೀ ಬರುತ್ತಿರುತ್ತದೆ. ಇದರಲ್ಲಿ ಇವತ್ತು ಕಂಡ ಸೌಲಭ್ಯ ಮುಂದೆ ಇರುತ್ತದೆ ಎಂಬ ಖಾತ್ರಿಯಿಲ್ಲ. ಆ್ಯಪ್ ಬರೆಯುವವರು ಬೇರೆ ಫೋನಿನಲ್ಲಿ ಹಾಕಿ ನೋಡಬೇಕಾದದ್ದು, ದಿನಬಳಕೆಯ ಫೋನಿಗಲ್ಲ. ಇದರಿಂದ ಹೊರಬರಬೇಕೆಂದರೆ ಫೋನ್ ಅಳಿಸಲೇಬೇಕು, ಬೇರೆ ಉಪಾಯವಿಲ್ಲ.

ಬೀಟಾ ಅದಕ್ಕಿಂತ ಪಳಗಿದ್ದು. ಆಂಡ್ರಾಯ್ಡ್ 16ನ್ನೇ ನೋಡಿ: ಮೊದಲ ಡೆವಲಪರ್ ಪ್ರಿವ್ಯೂ 2024ರ ನವೆಂಬರ್ 19ಕ್ಕೆ, ಮೊದಲ ಬೀಟಾ 2025ರ ಜನವರಿ 23ಕ್ಕೆ, ಮೂರನೇ ಬೀಟಾ ಮಾರ್ಚ್ 13ಕ್ಕೆ, ಎಲ್ಲರಿಗೂ ಬಂದದ್ದು ಜೂನ್ 10ಕ್ಕೆ. ಇದರಲ್ಲಿ ಮೂರನೇ ಬೀಟಾಗೆ ಪ್ಲಾಟ್‌ಫಾರ್ಮ್ ಸ್ಟೆಬಿಲಿಟಿ ಎಂಬ ಹೆಸರಿದೆ. ಅಂದರೆ ಆ್ಯಪ್‌ಗಳು ಅವಲಂಬಿಸುವ ಒಳಗಿನ ನಿಯಮಗಳು ಅಲ್ಲಿಗೆ ಗಟ್ಟಿಯಾದವು, ಇನ್ನು ಬದಲಾಗುವುದಿಲ್ಲ. ಮೊದಲ ಸಲ ಬೀಟಾ ಹಾಕುವವರು ಈ ಹಂತದವರೆಗೆ ಕಾಯುವುದು ಒಳ್ಳೆಯದು. ದೋಷ ಹುಡುಕಿ ವರದಿ ಮಾಡುವ ಉದ್ದೇಶವಿದ್ದರೆ ಮಾತ್ರ ಇನ್ನೂ ಮೊದಲೇ ಸೇರಬೇಕು, ಯಾಕೆಂದರೆ ಈ ಹಂತ ದಾಟಿದ ಮೇಲೆ ದೊಡ್ಡ ಬದಲಾವಣೆಗೆ ಯಾರೂ ಕೈಹಾಕುವುದಿಲ್ಲ.

ಇವೆರಡರ ಜೊತೆಗೆ ಮೂರು ತಿಂಗಳಿಗೊಮ್ಮೆಯ ಕ್ಯೂಪಿಆರ್ ಬೀಟಾಗಳಿವೆ. ಹೊಸ ಆಂಡ್ರಾಯ್ಡ್ ಅಲ್ಲ, ಇರುವುದಕ್ಕೇ ಸೇರುವ ತ್ರೈಮಾಸಿಕ ಸುಧಾರಣೆ. ಭಾರತದ ಪಿಕ್ಸೆಲ್ ಬಳಕೆದಾರರಿಗೆ ಇದರ ನೆನಪಿರಬೇಕು: 2022ರ ಡಿಸೆಂಬರ್‌ನಲ್ಲಿ ಪಿಕ್ಸೆಲ್ 6ಎ, 7, 7 ಪ್ರೊಗಳಲ್ಲಿ ಜಿಯೋ, ಏರ್‌ಟೆಲ್ 5ಜಿ ಮೊದಲು ಕಂಡದ್ದು ಆಂಡ್ರಾಯ್ಡ್ 13ರ ಎರಡನೇ ಕ್ಯೂಪಿಆರ್ ಬೀಟಾದಲ್ಲಿ. 5ಜಿ ಸಿಗಲಿ ಎಂಬ ಒಂದೇ ಕಾರಣಕ್ಕೆ ಅನೇಕರು ಆಗ ಬೀಟಾ ಹಾಕಿದರು.

ಸಿದ್ಧತೆ

ಮೊದಲು ಗೂಗಲ್ ಖಾತೆಯ ಪಾಸ್‌ವರ್ಡ್. ಅಳಿಸಿದ ಫೋನನ್ನು ಮತ್ತೆ ಚಾಲೂ ಮಾಡುವಾಗ ಹಿಂದೆ ಇದ್ದ ಖಾತೆಯ ಪಾಸ್‌ವರ್ಡನ್ನು ಅದು ಕೇಳಬಹುದು. ಕಳ್ಳರಿಂದ ಕಾಪಾಡಲು ಇಟ್ಟಿರುವ ಬೀಗ ಅದು. ಎರಡು ಹಂತದ ಪರಿಶೀಲನೆ ಇಟ್ಟುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ‘ನಿಮ್ಮ ಫೋನಿನಲ್ಲಿ ಹೌದು ಒತ್ತಿ’ ಎಂಬ ಸೂಚನೆ ಹೋಗುವುದು ಆಗಷ್ಟೇ ಅಳಿಸಿದ ಅದೇ ಫೋನಿಗೆ! ಹಾಗಾಗಿ ಖಾತೆಯ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ಬ್ಯಾಕಪ್ ಕೋಡ್‌ಗಳನ್ನು ಪಡೆಯಿರಿ. 8 ಅಂಕಿಯ 10 ಕೋಡ್ ಸಿಗುತ್ತವೆ. ಕಾಗದದ ಮೇಲೆ ಬರೆದಿಡಿ, ಫೋನಿನ ಸ್ಕ್ರೀನ್‌ಶಾಟ್‌ನಲ್ಲಲ್ಲ.

ವಾಟ್ಸ್‌ಆ್ಯಪ್‌ನ ಚಾಟ್ ಬ್ಯಾಕಪ್ಪನ್ನು ಅವತ್ತೇ ಹೊಸದಾಗಿ ತೆಗೆಯಿರಿ. ಅದು ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗದಲ್ಲೇ ಕೂರುತ್ತದೆ. ಜಾಗ ತುಂಬಿದ್ದರೆ ವಾರಗಳಿಂದ ಬ್ಯಾಕಪ್ ನಿಂತೇ ಹೋಗಿರಬಹುದು, ಕೊನೆಯ ಬ್ಯಾಕಪ್ಪಿನ ದಿನಾಂಕವನ್ನು ಕಣ್ಣಾರೆ ನೋಡಿ. ಬ್ಯಾಕಪ್ಪಿಗೆ ಎನ್‌ಕ್ರಿಪ್ಶನ್ ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಇಲ್ಲದೆ ಯಾರಿಂದಲೂ ತೆರೆಯಲಾಗದು.

ಗೂಗಲ್ ಬ್ಯಾಕಪ್ಪಿಗೆ ಸೇರದವು ಬಹಳ ಇವೆ: ಡೌನ್‌ಲೋಡ್ಸ್ ಫೋಲ್ಡರ್, ಬೇರೆ ಆ್ಯಪ್‌ಗಳಲ್ಲಿ ಉಳಿಸಿದ ಪಿಡಿಎಫ್‌ಗಳು, ಧ್ವನಿ ಮುದ್ರಣಗಳು. ಪಹಣಿಯ ಪ್ರತಿ, ಮಕ್ಕಳ ಶಾಲೆಯ ರಸೀದಿ, ಟಿಕೆಟ್ಟು ಎಲ್ಲವೂ ಸಾಮಾನ್ಯವಾಗಿ ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುತ್ತವೆ. ಕಂಪ್ಯೂಟರಿಗೆ ಕೇಬಲ್ ಹಾಕಿ ಇಡೀ ಫೋಲ್ಡರ್ ನಕಲು ಮಾಡಿಕೊಳ್ಳಿ. ಮೇಲೆ ಹೇಳಿದ ತೊಡಕಿನಿಂದಾಗಿ ಬೀಟಾದಿಂದ ಇಳಿಯುವಾಗ ಕೈಹಿಡಿಯುವುದು ಈ ಕೈಯಾರೆ ಮಾಡಿದ ನಕಲೇ. ಗೂಗಲ್ ಅಥೆಂಟಿಕೇಟರ್ ಬಳಸುವವರು ಅದು ಖಾತೆಗೆ ಸಿಂಕ್ ಆಗಿದೆಯೇ ಎಂದು ನೋಡಲಿ. ಆಗಿಲ್ಲದಿದ್ದರೆ ಇನ್ನೊಂದು ಫೋನಿಗೆ ಕ್ಯೂಆರ್ ಮೂಲಕ ವರ್ಗಾಯಿಸಲಿ.

ಹಣದ ವಿಷಯಕ್ಕೆ ಬಂದರೆ, ಫೋನ್ ಅಳಿಸಿದ ಮೇಲೆ ಪ್ರತಿ ಯುಪಿಐ ಆ್ಯಪನ್ನೂ ಹೊಸದಾಗಿ ನೋಂದಾಯಿಸಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಅದರಿಂದ ಎಸ್ಸೆಮ್ಮೆಸ್ ಹೋಗಬೇಕು. ಹೊಸ ನೋಂದಣಿಯ ನಂತರದ ಮೊದಲ 24 ಗಂಟೆ ಬ್ಯಾಂಕುಗಳು ವಹಿವಾಟಿನ ಮಿತಿ ತಗ್ಗಿಸುವುದುಂಟು. ಬಾಡಿಗೆ, ಫೀಸು ಕಟ್ಟುವ ದಿನಗಳ ಆಸುಪಾಸಿನಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಇ-ಸಿಮ್ ಇದ್ದವರು ರಿಸೆಟ್ ಪರದೆಯಲ್ಲಿ ಇ-ಸಿಮ್ ಅಳಿಸುವ ಆಯ್ಕೆಗೆ ಗುರುತು ಬಿದ್ದಿಲ್ಲವೇ ಎಂದು ಎರಡು ಸಲ ನೋಡಿಕೊಳ್ಳಿ.

ಕೊನೆಯ ಸಿದ್ಧತೆ ಬಹಳ ಜನ ಬಿಟ್ಟುಬಿಡುವಂಥದ್ದು, ಆದರೆ ಇದೇ ಅತಿ ಮುಖ್ಯ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ಗೆ ಹೋಗಿ ಕೆಳಗಿನ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿ, ಸ್ಕ್ರೀನ್ ಲಾಕ್ ಪಿನ್ ಕೊಡಿ. ‘ಸಿಸ್ಟಮ್’ ಒಳಗೆ ‘ಡೆವಲಪರ್ ಆಪ್ಷನ್ಸ್’ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ‘ಒಇಎಂ ಅನ್‌ಲಾಕಿಂಗ್’ ಎಂಬ ಸ್ವಿಚ್ಚನ್ನು ಆನ್ ಮಾಡಿ. ಇದು ಏನನ್ನೂ ಅಳಿಸುವುದಿಲ್ಲ, ಬೂಟ್‌ಲೋಡರನ್ನೂ (ಫೋನು ಆನ್ ಆದಾಗ ಆಂಡ್ರಾಯ್ಡನ್ನು ಏಳಿಸುವ, ಬೀಗ ಹಾಕಿದ ಭಾಗ) ತೆರೆಯುವುದಿಲ್ಲ. ಮುಂದೆ ಬೇಕಾದರೆ ತೆರೆಯಲು ಅನುಮತಿ ಕೊಡುತ್ತದೆ ಅಷ್ಟೇ. ಬೀಟಾ ಹಾಕಿದ ಮೇಲೆ ಫೋನ್ ಏಳದೇ ಹೋದರೆ ಈ ಸ್ವಿಚ್ಚಿನವರೆಗೆ ತಲುಪಲು ಆಗುವುದಿಲ್ಲ, ಸ್ವಿಚ್ಚು ಆಫ್ ಇದ್ದರೆ ಕಂಪ್ಯೂಟರಿನಿಂದ ಫ್ಲಾಶ್ ಮಾಡಲೂ ಆಗುವುದಿಲ್ಲ, ಮುಂದೆ ಹೇಳುವ ಸೈಡ್‌ಲೋಡ್ ಮಾತ್ರ ಉಳಿಯುತ್ತದೆ. ಸ್ವಿಚ್ಚು ಮಸುಕಾಗಿ ಕಂಡರೆ ಇಂಟರ್ನೆಟ್‌ಗೆ ಜೋಡಿಸಿ ಸ್ವಲ್ಪ ಕಾಯಿರಿ. ಆಗಲೂ ತೆರೆಯದಿದ್ದರೆ ಅದು ವಿದೇಶದ ಮೊಬೈಲ್ ಕಂಪನಿ ಬೀಗ ಹಾಕಿ ಮಾರಿದ ಫೋನಿರಬಹುದು. ಅಮೆರಿಕದಿಂದ ನೆಂಟರು ತಂದುಕೊಟ್ಟ ಪಿಕ್ಸೆಲ್‌ಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಅಂಥ ಫೋನಿನಲ್ಲಿ ಮೊದಮೊದಲ ಬೀಟಾಗಳನ್ನು ಹಾಕದಿರುವುದೇ ಕ್ಷೇಮ.

ಕೇಬಲ್ ಇಲ್ಲದ ದಾರಿ

1. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಫೋನಿನಲ್ಲಿ 10 ಜಿಬಿಯಾದರೂ ಖಾಲಿಯಿರಲಿ. ಹೊಸ ವ್ಯವಸ್ಥೆಯ ಬದಲಾದ ಭಾಗಗಳನ್ನು ಫೋನು ಮೊದಲು ನಿಮ್ಮ ಖಾಲಿ ಜಾಗದಲ್ಲೇ ಇಟ್ಟುಕೊಳ್ಳುತ್ತದೆ. ಜಾಗ ಸಾಲದಿದ್ದರೆ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ.

2. ಬ್ರೌಸರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಬೀಟಾ ಪುಟ ತೆರೆದು, ಫೋನಿನಲ್ಲಿರುವ ಅದೇ ಖಾತೆಯಿಂದ ಒಳಹೋಗಿ. ‘ನಿಮ್ಮ ಅರ್ಹ ಸಾಧನಗಳು’ ಎಂಬ ಭಾಗದಲ್ಲಿ ನಿಮ್ಮ ಫೋನು ಕಾಣಬೇಕು. ಕಾಣದಿದ್ದರೆ ಹತ್ತಕ್ಕೆ ಒಂಬತ್ತು ಸಲ ಖಾತೆ ಬೇರೆಯಾಗಿರುತ್ತದೆ: ಬ್ರೌಸರಿನಲ್ಲಿ ಆಫೀಸಿನದು, ಫೋನಿನಲ್ಲಿ ಸ್ವಂತದ್ದು.

3. ಕಾರ್ಯಕ್ರಮ ಆರಿಸುವಾಗ ಹೆಸರನ್ನು ಪೂರ್ತಿ ಓದಿ. ಮುಂದಿನ ಆಂಡ್ರಾಯ್ಡ್‌ನ ಬೀಟಾ ಮತ್ತು ಇರುವ ಆಂಡ್ರಾಯ್ಡ್‌ನ ಕ್ಯೂಪಿಆರ್ ಬೀಟಾ ಒಂದೇ ಸಮಯದಲ್ಲಿ ನಡೆಯುವ ಕಾಲವೂ ಇರುತ್ತದೆ. ಷರತ್ತು ಒಪ್ಪಿ ಸೇರಿಕೊಳ್ಳಿ.

4. ಸೆಟ್ಟಿಂಗ್ಸ್, ಸಿಸ್ಟಮ್, ಸಾಫ್ಟ್‌ವೇರ್ ಅಪ್‌ಡೇಟ್ಸ್, ಅಲ್ಲಿ ‘ಸಿಸ್ಟಮ್ ಅಪ್‌ಡೇಟ್’. ಕೆಲವರಿಗೆ ಹತ್ತು ನಿಮಿಷದಲ್ಲೇ ಬರುತ್ತದೆ, ಕೆಲವೊಮ್ಮೆ 24 ಗಂಟೆ ಬೇಕು. ಗಾತ್ರ ಜಿಬಿ ಲೆಕ್ಕದಲ್ಲಿರುತ್ತದೆ, ವೈಫೈ ಬಳಸಿ.

5. ಫೋನು ಹಿನ್ನೆಲೆಯಲ್ಲಿ ಅಪ್‌ಡೇಟ್ ಹಾಕಿಕೊಳ್ಳುತ್ತದೆ, ನೀವು ಬಳಸುತ್ತಿರಬಹುದು. ಕೊನೆಗೆ ರೀಸ್ಟಾರ್ಟ್ ಕೇಳುತ್ತದೆ. ರೀಸ್ಟಾರ್ಟ್ ಆದ ಮೇಲೆ ಕಾಲು ಗಂಟೆ ಅದರ ಪಾಡಿಗೆ ಬಿಡಿ. ಪಕ್ಕಕ್ಕಿಟ್ಟುಕೊಂಡ ಭಾಗಗಳನ್ನು ಅಸಲಿ ಜಾಗಕ್ಕೆ ಸೇರಿಸುವ ಕೆಲಸ ಆಗಲೇ ನಡೆಯುವುದು. ಆ ಹೊತ್ತಿನಲ್ಲಿ ಇನ್ನೊಂದು ಫ್ಲಾಶ್, ಇನ್ನೊಂದು ರಿಸೆಟ್ ಯಾವುದೂ ಬೇಡ.

ಸೇರಿ ಒಂದು ದಿನವಾದರೂ ಅಪ್‌ಡೇಟ್ ಬರಲಿಲ್ಲವೆಂದರೆ ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರ್ ನೋಡಿ. ಈ ತಿಂಗಳ ಭದ್ರತಾ ಅಪ್‌ಡೇಟನ್ನು ನೀವು ಆಗಲೇ ಹಾಕಿಕೊಂಡಿದ್ದು, ಬೀಟಾ ಅದಕ್ಕಿಂತ ಮುಂಚೆ ಸಿದ್ಧವಾದದ್ದಾಗಿದ್ದರೆ ಫೋನು ಅದನ್ನು ತೆಗೆದುಕೊಳ್ಳುವುದಿಲ್ಲ. ಗಾಳಿಯಲ್ಲಿ ಬರುವ ಅಪ್‌ಡೇಟ್ ಹಿಂದಿನ ತಾರೀಖಿಗೆ ಹೋಗದಂತೆ ತಡೆಯಿದೆ. ಮುಂದಿನ ಬೀಟಾ ಬರುವವರೆಗೆ ಕಾಯುವುದೇ ಪರಿಹಾರ.

ಮೊದಲ ಎರಡು ದಿನ ಫೋನು ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಸಹಜ. ಎಲ್ಲ ಆ್ಯಪ್‌ಗಳನ್ನೂ ಹೊಸ ವ್ಯವಸ್ಥೆಗೆ ತಕ್ಕಂತೆ ಮತ್ತೆ ಸಿದ್ಧ ಮಾಡಿಕೊಳ್ಳುತ್ತಿರುತ್ತದೆ. ಮೂರನೇ ದಿನಕ್ಕೂ ಹಾಗೇ ಇದ್ದರೆ ಮಾತ್ರ ಅದನ್ನು ದೋಷವೆಂದು ಎಣಿಸಿ.

ಕೇಬಲ್ ಹಾಕಿ ಫ್ಲಾಶ್ ಮಾಡುವುದು

ಕ್ಯಾನರಿ ಬೇಕಿದ್ದರೆ, ಅಥವಾ ಫೋನನ್ನು ಹಳೆಯ ಆವೃತ್ತಿಗೆ ಈಗಲೇ ಇಳಿಸಬೇಕಿದ್ದರೆ ಗೂಗಲ್‌ನ ಆಂಡ್ರಾಯ್ಡ್ ಫ್ಲಾಶ್ ಟೂಲ್ ಬಳಸಬಹುದು. ಇದು ಬ್ರೌಸರಿನಲ್ಲೇ ಓಡುತ್ತದೆ. ಕ್ರೋಮ್ ಅಥವಾ ಎಡ್ಜ್ ಬೇಕು. ಫೈರ್‌ಫಾಕ್ಸ್, ಸಫಾರಿಗಳಲ್ಲಿ ಯುಎಸ್‌ಬಿಯನ್ನು ಮುಟ್ಟುವ ಸೌಲಭ್ಯವಿಲ್ಲದ್ದರಿಂದ ಆಗುವುದಿಲ್ಲ. ಕಂಪ್ಯೂಟರಿನಲ್ಲೂ ಸುಮಾರು 10 ಜಿಬಿ ಖಾಲಿ ಇಟ್ಟುಕೊಳ್ಳಿ.

ಇಲ್ಲಿ ಕೈಕೊಡುವುದರಲ್ಲಿ ಮೊದಲನೆಯದು ಕೇಬಲ್. ಪವರ್ ಬ್ಯಾಂಕ್ ಜೊತೆ ಬರುವ ಕೇಬಲ್‌ಗಳಲ್ಲಿ ಹಲವಕ್ಕೆ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವುದಿಲ್ಲ. ಫೋನ್ ಜೋಡಿಸಿ ಫೋಟೋಗಳ ಫೋಲ್ಡರ್ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ, ತೆರೆದರೆ ಆ ಕೇಬಲ್ ಆಗುತ್ತದೆ. ಯುಎಸ್‌ಬಿ ಹಬ್ ಬೇಡ, ಕಂಪ್ಯೂಟರಿನ ಪೋರ್ಟಿಗೇ ನೇರವಾಗಿ ಹಾಕಿ.

ಡೆವಲಪರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಡೀಬಗ್ಗಿಂಗ್’ ಆನ್ ಮಾಡಿ, ಟೂಲ್‌ನಲ್ಲಿ ಹೊಸ ಸಾಧನ ಸೇರಿಸಿ. ಆಗ ಫೋನಿನ ಪರದೆಯ ಮೇಲೆ ಅನುಮತಿ ಕೇಳುವ ಚೌಕ ಬರುತ್ತದೆ. ಪರದೆ ಲಾಕ್ ಆಗಿದ್ದರೆ ಅದು ಕಣ್ಣಿಗೆ ಬೀಳದೆ ಕಂಪ್ಯೂಟರ್ ಸುಮ್ಮನೆ ಕಾಯುತ್ತಾ ಕೂರುತ್ತದೆ. ನಂತರ ಬಿಲ್ಡ್ (ಹಾಕಬೇಕಾದ ಆವೃತ್ತಿ) ಆರಿಸಿ. ಟೂಲ್ ಮಾದರಿಯನ್ನು ತಾನೇ ಗುರುತಿಸುತ್ತದೆ. ಫೈಲನ್ನು ಕೈಯಾರೆ ಇಳಿಸಿಕೊಳ್ಳುವವರು ಮಾತ್ರ ಸಂಕೇತನಾಮಗಳನ್ನು ತಿಳಿದಿರಬೇಕು. ಪಿಕ್ಸೆಲ್ 6ರ ಕುಟುಂಬಕ್ಕೆ ಹಕ್ಕಿಗಳ ಹೆಸರು: 6 ಎಂದರೆ ಓರಿಯೋಲ್, 6 ಪ್ರೊ ರೇವನ್, 6ಎ ಬ್ಲೂಜೇ. 7ರದ್ದು ಬೆಕ್ಕಿನ ಜಾತಿ: ಪ್ಯಾಂಥರ್, ಚೀತಾ, 7ಎಗೆ ಲಿಂಕ್ಸ್. 8ರದ್ದು ನಾಯಿಗಳು: ಶಿಬಾ, ಹಸ್ಕಿ, 8ಎಗೆ ಅಕಿಟಾ. 9, 9 ಪ್ರೊ, 9 ಪ್ರೊ ಎಕ್ಸ್‌ಎಲ್‌ಗಳಿಗೆ ಟೋಕೇ, ಕೈಮನ್, ಕೊಮೋಡೊ ಎಂಬ ಸರೀಸೃಪಗಳು.

ಬೂಟ್‌ಲೋಡರ್ ತೆರೆಯಲು ಟೂಲ್ ಕೇಳಿದಾಗ ಫೋನಿನಲ್ಲಿ ವಾಲ್ಯೂಮ್ ಕೀಲಿಯಿಂದ ‘ಅನ್‌ಲಾಕ್’ ಆರಿಸಿ ಪವರ್ ಒತ್ತಬೇಕು. ಅದನ್ನು ಒತ್ತಿದ ಕ್ಷಣ ಫೋನಿನ ದತ್ತಾಂಶವೆಲ್ಲ ಹೋಯಿತೆಂದು ತಿಳಿಯಿರಿ. ಮುಂದೆ ಫೋನು ಎರಡು ಮೂರು ಸಲ ತಾನಾಗಿ ಆಫ್ ಆಗಿ ಏಳುತ್ತದೆ, ಪರದೆ ಬೇರೆ ಬೇರೆ ಬಣ್ಣ ತೋರಿಸುತ್ತದೆ. ಟೂಲ್ ಮುಗಿಯಿತು ಎನ್ನುವವರೆಗೆ ಕೇಬಲ್ ಮುಟ್ಟಬೇಡಿ. ವಿಂಡೋಸ್‌ನಲ್ಲಿ ಇದೇ ಜಾಗದಲ್ಲಿ ಕೆಲಸ ನಿಲ್ಲುವುದು ಮಾಮೂಲು: ಫೋನು ಚಾಲೂ ಇದ್ದಾಗ ಸರಿಯಾಗಿ ಕಾಣುತ್ತಿದ್ದದ್ದು ಬೂಟ್‌ಲೋಡರಿಗೆ ಹೋದೊಡನೆ ಮಾಯವಾಗುತ್ತದೆ. ಡಿವೈಸ್ ಮ್ಯಾನೇಜರ್ ತೆರೆದರೆ ‘ಆಂಡ್ರಾಯ್ಡ್’ ಎಂಬ ಸಾಲಿನ ಪಕ್ಕ ಹಳದಿ ತ್ರಿಕೋನ ಕಾಣುತ್ತದೆ. ಆ ಸ್ಥಿತಿಗೆ ಬೇರೆ ಡ್ರೈವರ್ ಬೇಕು ಎಂದು ಅದರ ಅರ್ಥ. ಗೂಗಲ್ ಯುಎಸ್‌ಬಿ ಡ್ರೈವರ್ ಇಳಿಸಿ, ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಡ್ರೈವರ್ ಅಪ್‌ಡೇಟ್ ಆರಿಸಿ, ಫೋಲ್ಡರ್ ತೋರಿಸಿ. ಮ್ಯಾಕ್‌ನಲ್ಲಿ ಈ ತಲೆನೋವಿಲ್ಲ.

ಕೊನೆಗೆ ಟೂಲ್ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಲು ಹೇಳುತ್ತದೆ. ಮಾಡಿ, ಬಿಡಬೇಡಿ. ತೆರೆದ ಬೂಟ್‌ಲೋಡರ್ ಇರುವ ಫೋನನ್ನು ಬ್ಯಾಂಕ್ ಆ್ಯಪ್‌ಗಳು ನಂಬುವುದಿಲ್ಲ, ತಟ್ಟಿ ಹಣ ಕೊಡುವ ಸೌಲಭ್ಯವೂ ನಿಲ್ಲುತ್ತದೆ. ಆದರೆ ಗೂಗಲ್‌ನ ಅಧಿಕೃತ ವ್ಯವಸ್ಥೆ ಪೂರ್ತಿಯಾಗಿ ಬರೆದಾದ ಮೇಲೆ ಮಾತ್ರ ಲಾಕ್ ಮಾಡಬೇಕು. ರೂಟ್ ಮಾಡಿದ್ದೋ (ಒಳಗೆ ತಿದ್ದಿದ್ದೋ) ಬೇರೆಯವರು ಕಟ್ಟಿದ್ದೋ ಒಂದು ಭಾಗ ಉಳಿದಿದ್ದಾಗ ಲಾಕ್ ಮಾಡಿದರೆ, ಸಹಿ ಹೊಂದದ ವ್ಯವಸ್ಥೆಯನ್ನು ಫೋನು ಏಳಿಸಲು ಒಪ್ಪುವುದಿಲ್ಲ. ಅಲ್ಲಿಗೆ ಅದು ಇಟ್ಟಿಗೆ. ಲಾಕ್ ಮಾಡುವಾಗಲೂ ದತ್ತಾಂಶ ಇನ್ನೊಮ್ಮೆ ಅಳಿಯುತ್ತದೆ, ಹಾಗಾಗಿ ಲಾಕ್ ಮಾಡಿದ ನಂತರವೇ ಖಾತೆ ಸೇರಿಸಿ, ಬ್ಯಾಕಪ್ ತುಂಬಿಸಿ.

ಫೋನು ಏಳದಿದ್ದರೆ

ಪಿಕ್ಸೆಲ್‌ನಲ್ಲಿ ವ್ಯವಸ್ಥೆಗೆ ಎ ಮತ್ತು ಬಿ ಎಂಬ ಎರಡು ಮನೆಗಳಿವೆ. ಒಂದರಲ್ಲಿ ನೀವಿರುವಾಗ ಅಪ್‌ಡೇಟ್ ಇನ್ನೊಂದನ್ನು ಸಿದ್ಧ ಮಾಡುತ್ತದೆ, ರೀಸ್ಟಾರ್ಟ್ ಆದಾಗ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಹೊಸ ಮನೆ ಕೆಲವು ಸಲ ಪ್ರಯತ್ನಿಸಿದರೂ ಏಳದಿದ್ದರೆ ಫೋನು ತಾನಾಗಿ ಹಳೆಯದಕ್ಕೆ ಮರಳುತ್ತದೆ. ಹಾಗಾಗಿ ಲೋಗೋ ಪರದೆಯಲ್ಲಿ ಎರಡು ಮೂರು ಸಲ ಸುತ್ತಿದರೆ ಗಾಬರಿಯಾಗಿ ಬಟನ್ ಒತ್ತಬೇಡಿ, ಇಪ್ಪತ್ತು ನಿಮಿಷ ಬಿಡಿ.

ಆಗಲೂ ಏಳದಿದ್ದರೆ ಮುಂದಿನ ಮದ್ದು ಸೈಡ್‌ಲೋಡ್, ಅಂದರೆ ಅಪ್‌ಡೇಟ್ ಫೈಲನ್ನು ಕಂಪ್ಯೂಟರಿನಿಂದ ಕೇಬಲ್ ಮೂಲಕ ಕೊಡುವುದು. ಇದರಲ್ಲಿ ದತ್ತಾಂಶ ಅಳಿಯುವುದಿಲ್ಲ, ಬೂಟ್‌ಲೋಡರ್ ತೆರೆಯಬೇಕಿಲ್ಲ. ಗೂಗಲ್‌ನ ಪುಟದಿಂದ ನಿಮ್ಮ ಮಾದರಿಯ ಪೂರ್ತಿ ಓಟಿಎ (ಗಾಳಿಯಲ್ಲಿ ಬರುವ ಅಪ್‌ಡೇಟ್) ಜಿಪ್ ಫೈಲನ್ನು ಇಳಿಸಿಕೊಳ್ಳಿ, ಅದು ಫೋನಿನಲ್ಲಿರುವ ಬಿಲ್ಡ್‌ಗಿಂತ ಹೊಸದಾಗಿರಬೇಕು. ಕಂಪ್ಯೂಟರಿಗೆ ಪ್ಲಾಟ್‌ಫಾರ್ಮ್ ಟೂಲ್ಸ್ ಎಂಬ ಚಿಕ್ಕ ಪೊಟ್ಟಣವನ್ನೂ ಇಳಿಸಿ ಬಿಚ್ಚಿಡಿ. ಆಫ್ ಆದ ಫೋನಿನಲ್ಲಿ ಪವರ್ ಮತ್ತು ವಾಲ್ಯೂಮ್ ಕೆಳಗಿನ ಕೀಲಿ ಒಟ್ಟಿಗೆ ಹಿಡಿದರೆ ಬೂಟ್‌ಲೋಡರ್ ಪರದೆ ಬರುತ್ತದೆ. ವಾಲ್ಯೂಮ್ ಕೀಲಿಯಿಂದ ‘ರಿಕವರಿ ಮೋಡ್’ ಆರಿಸಿ ಪವರ್ ಒತ್ತಿ. ಮಲಗಿದ ರೋಬೋಟಿನ ಚಿತ್ರ, ಕೆಳಗೆ ‘ನೋ ಕಮಾಂಡ್’ ಎಂಬ ಮಾತು ಕಾಣುತ್ತದೆ. ಅಲ್ಲಿ ಪವರ್ ಒತ್ತಿ ಹಿಡಿದೇ ವಾಲ್ಯೂಮ್ ಮೇಲಿನ ಕೀಲಿಯನ್ನು ಒಮ್ಮೆ ಒತ್ತಿ ಬಿಡಿ, ಆಮೇಲೆ ಪವರ್ ಬಿಡಿ. ಬರುವ ಪಟ್ಟಿಯಲ್ಲಿ ‘ಅಪ್ಲೈ ಅಪ್‌ಡೇಟ್ ಫ್ರಮ್ ಎಡಿಬಿ’ ಆರಿಸಿ, ಕೇಬಲ್ ಜೋಡಿಸಿ.

ಕಂಪ್ಯೂಟರಿನಲ್ಲಿ ಪ್ಲಾಟ್‌ಫಾರ್ಮ್ ಟೂಲ್ಸ್ ಫೋಲ್ಡರ್ ಒಳಗೆ ಕಮಾಂಡ್ ಕಿಟಕಿ ತೆರೆದು ಎಡಿಬಿ, ಜಾಗ, ಸೈಡ್‌ಲೋಡ್, ಜಾಗ, ಫೈಲಿನ ಹೆಸರು ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಶೇಕಡಾ 47ರ ಹತ್ತಿರ ಅದು ನಿಂತಂತೆ ಕಾಣುತ್ತದೆ. ಅನೇಕರು ಕೆಟ್ಟಿತೆಂದು ಕೇಬಲ್ ಎಳೆಯುವುದು ಅಲ್ಲೇ. ಕಂಪ್ಯೂಟರ್ ಕಳಿಸುವ ಕೆಲಸ ಮುಗಿದು ಫೋನು ಬರೆದುಕೊಳ್ಳುತ್ತಿರುವ ಹೊತ್ತು ಅದು. ಫೋನಿನ ಪರದೆಯಲ್ಲಿ ಸಾಲುಗಳು ಬರುತ್ತಲೇ ಇರುತ್ತವೆ, ಅದನ್ನು ನೋಡಿ. ಕಂಪ್ಯೂಟರ್ ಶೇಕಡಾ 100 ತೋರಿಸದೆಯೇ ‘ಟೋಟಲ್ ಎಕ್ಸ್‌ಫರ್’ ಎಂಬ ಸಾಲಿನೊಂದಿಗೆ ಮುಗಿಸುತ್ತದೆ.

ಎಂದೂ ಹಿಂತಿರುಗಲಾಗದ ಅಪ್‌ಡೇಟ್‌ಗಳೂ ಇವೆ. 2022ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 13 ಬಂದಾಗ ಪಿಕ್ಸೆಲ್ 6, 6 ಪ್ರೊ, 6ಎಗಳ ಬೂಟ್‌ಲೋಡರಿನಲ್ಲಿದ್ದ ಒಂದು ಭದ್ರತಾ ದೋಷ ಮುಚ್ಚಲು ಹಿಂದಿನ ಬೂಟ್‌ಲೋಡರನ್ನು ಫೋನು ಒಪ್ಪದಂತೆ ಮಾಡಲಾಯಿತು. ಅಲ್ಲಿಂದ ಆಂಡ್ರಾಯ್ಡ್ 12ಕ್ಕೆ ಇಳಿಯುವ ದಾರಿ ಮುಚ್ಚಿತು. ಇನ್ನೂ ಸೂಕ್ಷ್ಮವಾದದ್ದು ಎರಡು ಮನೆಗಳ ಸಂಗತಿ: ಎ ಮನೆಗೆ 13 ಬಂದರೂ ಬಿ ಮನೆಯಲ್ಲಿ ಹಳೆಯ ಬೂಟ್‌ಲೋಡರ್ ಉಳಿದಿರುತ್ತಿತ್ತು. ಯಾವುದೋ ಕಾರಣಕ್ಕೆ ಫೋನು ಬಿ ಮನೆಗೆ ಮರಳಿದರೆ ಅದು ಏಳುತ್ತಲೇ ಇರಲಿಲ್ಲ. ಆದ್ದರಿಂದ ಒಮ್ಮೆ 13ಕ್ಕೆ ಏಳಿಸಿದ ಮೇಲೆ ಪೂರ್ತಿ ಓಟಿಎಯನ್ನು ಸೈಡ್‌ಲೋಡ್ ಮಾಡಿ ಎರಡೂ ಕಡೆ ಹೊಸದನ್ನು ತುಂಬಿ ಎಂದು ಗೂಗಲ್ಲೇ ಸೂಚಿಸಿತು. ಫ್ಲಾಶ್ ಮಾಡುವ ಮೊದಲು ಗೂಗಲ್‌ನ ಫ್ಯಾಕ್ಟರಿ ಇಮೇಜ್ (ಪೂರ್ತಿ ವ್ಯವಸ್ಥೆಯ ಫೈಲ್) ಪುಟದಲ್ಲಿ ನಿಮ್ಮ ಮಾದರಿಗೆ ಇಂಥ ಎಚ್ಚರಿಕೆ ಇದೆಯೇ ಎಂದು ಓದುವುದು ಕಡ್ಡಾಯ.

ಕನ್ನಡವನ್ನು ಪರೀಕ್ಷಿಸಿ

ಬೀಟಾ ಹಾಕಿ ಹೊಸ ಬಣ್ಣ, ಹೊಸ ಐಕಾನ್ ನೋಡಿ ಸುಮ್ಮನಾಗುವ ಬದಲು, ಕನ್ನಡದ ಬಳಕೆದಾರರೇ ಹುಡುಕಬೇಕಾದ ದೋಷಗಳಿವೆ. ಆಂಡ್ರಾಯ್ಡ್‌ನ ಭಾಷಾಪಟ್ಟಿಗೆ ಕನ್ನಡ ಸೇರಿದ್ದು 2014ರ 5.0 ಆವೃತ್ತಿಯಲ್ಲಿ. ಅಂದಿನಿಂದ ಪರದೆಯ ಬಟನ್‌ಗಳಲ್ಲಿ ಕನ್ನಡಕ್ಕೆ ಎತ್ತರ ಕುಗ್ಗಿಸಿದ ಒಂದು ಅಕ್ಷರರೂಪ, ಪೂರ್ಣ ಎತ್ತರದ ಇನ್ನೊಂದು ಎಂದು ಎರಡು ಬಗೆ ನಡೆದುಬಂತು. ಆಂಡ್ರಾಯ್ಡ್ 15ಕ್ಕೆಂದು ಸಿದ್ಧವಾದ ಆ್ಯಪ್‌ಗಳಲ್ಲಿ ಪೂರ್ಣ ಎತ್ತರವೇ ಸಹಜಸ್ಥಿತಿಯಾಯಿತು. 16ಕ್ಕೆಂದು ಸಿದ್ಧವಾದ ಆ್ಯಪ್‌ಗಳು ಕುಗ್ಗಿದ ರೂಪಕ್ಕೆ ಮರಳುವಂತಿಲ್ಲ. ಪರಿಣಾಮ ಎದುರಾಗುವ ಲಿಪಿಗಳೆಂದು ಗೂಗಲ್ ಕೊಟ್ಟ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳಂ ಜೊತೆ ಕನ್ನಡವೂ ಇದೆ. ಓದಲು ಇದು ಒಳ್ಳೆಯ ಬದಲಾವಣೆ. ಆದರೆ ಇಂಗ್ಲಿಷಿನ ಎತ್ತರಕ್ಕೆ ಅಳೆದು ಕಟ್ಟಿದ ಬಟನ್‌ಗಳಲ್ಲಿ ನಮ್ಮ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರವನ್ನು ಗರಿಷ್ಠಕ್ಕೆ ಏರಿಸಿ. ಆಂಡ್ರಾಯ್ಡ್ 14ರಿಂದ ಅದು ಶೇಕಡಾ 200ರವರೆಗೆ ಹೋಗುತ್ತದೆ. ಈಗ ಒಂದು ಸಂಪರ್ಕಕ್ಕೆ ‘ರಾಷ್ಟ್ರ ಸ್ತ್ರೀ’ ಎಂದು ಹೆಸರಿಟ್ಟು ಉಳಿಸಿ, ಇನ್ನೊಂದು ಫೋನಿನಿಂದ ಆ ನಂಬರಿನ ಕರೆ ಬರುವಂತೆ ಮಾಡಿ. ಷ್ಟ್ರದ ಕೆಳಗಿನ ಎರಡೂ ಒತ್ತು ಕರೆಯ ಪರದೆಯಲ್ಲಿ ಪೂರ್ತಿ ಕಾಣಬೇಕು. ನೋಟಿಫಿಕೇಶನ್‌ನ ಚಿಕ್ಕ ಪಟ್ಟಿಯಲ್ಲಿ, ಲಾಕ್ ಪರದೆಯಲ್ಲಿ, ಮೇಲಿನಿಂದ ಎಳೆಯುವ ಕ್ವಿಕ್ ಸೆಟ್ಟಿಂಗ್ಸ್ ಚೌಕಗಳಲ್ಲಿ ಅದನ್ನೇ ನೋಡಿ. ‘ಕಾರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಬಾರದು. ಎರಡನ್ನೂ ಟೈಪ್ ಮಾಡಿ, ಬೇರೆ ಆ್ಯಪ್‌ಗೆ ಪೇಸ್ಟ್ ಮಾಡಿ, ರೂಪ ಉಳಿಯಿತೇ ನೋಡಿ. ದೃಷ್ಟಿಹೀನರು ಬಳಸುವ ಟಾಕ್‌ಬ್ಯಾಕನ್ನು ಕನ್ನಡ ಧ್ವನಿಯಲ್ಲಿ ಆನ್ ಮಾಡಿ, ಬಟನ್‌ಗಳ ಹೆಸರನ್ನು ಕನ್ನಡದಲ್ಲಿ ಓದುತ್ತದೆಯೇ, ನಡುವೆ ಇಂಗ್ಲಿಷಿಗೆ ಜಾರುತ್ತದೆಯೇ ಕೇಳಿ.

ದೋಷ ಸಿಕ್ಕರೆ ಬೀಟಾದ ಜೊತೆಗೆ ಬರುವ ಫೀಡ್‌ಬ್ಯಾಕ್ ಆ್ಯಪ್‌ನಲ್ಲಿ ವರದಿ ಕೊಡಿ. ಒಂದು ವರದಿಗೆ ಒಂದೇ ದೋಷ. ಬಿಲ್ಡ್ ನಂಬರ್, ಅಕ್ಷರದ ಗಾತ್ರ, ಹಿಂದಿನ ಬಿಲ್ಡ್‌ನಲ್ಲಿ ಸರಿಯಿತ್ತೇ ಎಂಬುದು, ಸ್ಕ್ರೀನ್‌ಶಾಟ್ ಇರಲಿ. ಓದುವ ಎಂಜಿನಿಯರಿಗೆ ಕನ್ನಡ ಬರದಿರಬಹುದು. ‘ಒತ್ತು ಕಾಣುತ್ತಿಲ್ಲ’ ಎಂದರೆ ಅವರಿಗೆ ತಿಳಿಯದು. ಸರಿಯಾಗಿ ಕಾಣುವ ಚಿತ್ರ ಒಂದು, ಕತ್ತರಿಸಿದ ಚಿತ್ರ ಒಂದು ಪಕ್ಕಪಕ್ಕ ಇಟ್ಟು, ಕಾಣೆಯಾದ ಭಾಗಕ್ಕೆ ಕೆಂಪು ಸುತ್ತು ಹಾಕಿ. ಕೀಬೋರ್ಡಿನಿಂದ ಟೈಪಿಸಿದ ಅಕ್ಷರಗಳನ್ನೂ ಪಠ್ಯವಾಗಿ ಅಂಟಿಸಿ. ಡೆವಲಪರ್ ಆಪ್ಷನ್ಸ್‌ನಿಂದ ತೆಗೆಯುವ ಬಗ್ ರಿಪೋರ್ಟ್ ಫೈಲಿನಲ್ಲಿ ನಿಮ್ಮ ಖಾಸಗಿ ವಿವರಗಳೂ ಇರುತ್ತವೆ, ಅದನ್ನು ಸಾರ್ವಜನಿಕವಾಗಿ ಎಲ್ಲೂ ಹಾಕಬೇಡಿ.

ಹೊರಬರುವುದು

ಎರಡು ದಾರಿಗಳಿವೆ. ಈಗಲೇ ಬೇಕೆಂದರೆ ಬೀಟಾ ಪುಟದಲ್ಲಿ ಹೊರಬನ್ನಿ. ಒಂದು ದಿನದೊಳಗೆ ಹಳೆಯ ಆವೃತ್ತಿಗೆ ಇಳಿಸುವ ಅಪ್‌ಡೇಟ್ ಬರುತ್ತದೆ, ಅದನ್ನು ಹಾಕಿದೊಡನೆ ಫೋನು ಅಳಿಯುತ್ತದೆ.

ಅಳಿಸದೆ ಬರಬೇಕೆಂದರೆ ಅಂತಿಮ ಆವೃತ್ತಿ ಬರುವವರೆಗೆ ಕಾದು, ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಬರುವ ಮೊದಲೇ ಹೆಸರು ತೆಗೆಸಬೇಕು. ಆಗ ಇಳಿಸುವ ಅಪ್‌ಡೇಟ್ ಬಂದರೂ ಅದನ್ನು ಹಾಕಬೇಡಿ, ಹಾಗೇ ಬಿಡಿ. ಈ ಕಿಂಡಿ ಚಿಕ್ಕದು, ಕೆಲವು ಸಲ ಅಡ್ಡಾದಿಡ್ಡಿ. 2025ರಲ್ಲಿ ಆಂಡ್ರಾಯ್ಡ್ 16ರ ಅಂತಿಮ ಆವೃತ್ತಿ ಜೂನ್ 10ಕ್ಕೆ ಬಂತು, ಆದರೆ ಅದರ ಮೊದಲ ಕ್ಯೂಪಿಆರ್‌ನ ಬೀಟಾ ಮೇ 20ಕ್ಕೇ ಬಂದಿತ್ತು. ಹೆಸರು ಉಳಿಸಿಕೊಂಡು, ಬಂದ ಅಪ್‌ಡೇಟನ್ನು ಹಾಕಿಕೊಂಡವರು ಅರಿವಿಲ್ಲದೆ ಜೂನ್‌ನ ಬಾಗಿಲು ದಾಟಿ ಮುಂದೆ ಹೋದರು. ಅವರು ಅಳಿಸದೆ ಹೊರಬರಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಬೀಟಾದಲ್ಲಿರುವಷ್ಟು ಕಾಲ ಅಪ್‌ಡೇಟ್ ಒತ್ತುವ ಮೊದಲು ಅದರ ಹೆಸರನ್ನು ಪ್ರತಿ ಸಲವೂ ಓದಿ. ಡೆವಲಪರ್ ಆಪ್ಷನ್ಸ್‌ನಲ್ಲಿ ‘ಆಟೊಮ್ಯಾಟಿಕ್ ಸಿಸ್ಟಮ್ ಅಪ್‌ಡೇಟ್ಸ್’ ಎಂಬುದನ್ನು ಆಫ್ ಮಾಡಿಟ್ಟರೆ ರೀಸ್ಟಾರ್ಟ್ ಆದಾಗ ತಾನಾಗಿ ಹೊಸದಕ್ಕೆ ಹಾರುವುದು ತಪ್ಪುತ್ತದೆ.

ಸ್ಥಿರ ಆವೃತ್ತಿಗೆ ಬಂದು ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಒಇಎಂ ಅನ್‌ಲಾಕಿಂಗ್ ಸ್ವಿಚ್ಚನ್ನು ಆಫ್ ಮಾಡಿ. ಅದು ಆನ್ ಇದ್ದರೆ ಫೋನು ಕದ್ದವರಿಗೆ ಬೂಟ್‌ಲೋಡರ್ ತೆರೆದು ಬೀಗ ದಾಟಲು ಸುಲಭ. ಯುಎಸ್‌ಬಿ ಡೀಬಗ್ಗಿಂಗನ್ನೂ, ಕೊನೆಗೆ ಡೆವಲಪರ್ ಆಪ್ಷನ್ಸ್‌ನ ಮೇಲಿನ ದೊಡ್ಡ ಸ್ವಿಚ್ಚನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ತೆರೆಯಲು ನಿರಾಕರಿಸುವ ಬ್ಯಾಂಕ್ ಆ್ಯಪ್‌ಗಳು ನಮ್ಮಲ್ಲಿ ಕೆಲವಿವೆ. ಬಳಸಿದ ಬ್ಯಾಕಪ್ ಕೋಡ್ ಒಂದು ಸಲಕ್ಕೆ ಮುಗಿಯಿತು, ಕಾಗದದಲ್ಲಿ ಅದಕ್ಕೆ ಗೆರೆ ಎಳೆದು ಉಳಿದವನ್ನು ಮತ್ತೆ ಬೀರುವಿನಲ್ಲಿಡಿ.